ಟೊಪ್ಪಿಗೆಯ ನೀರು

ನಮ್ಮ ಮನೆಯ ಮುಂಬಾಗಿಲ ಹಿಂದಿನ ಗೂಟಕ್ಕೆ ಒಂದು ನೀಲಿ ಜಾಕೀಟು ತೂಗುತ್ತಿದೆ. ರಜೆ ಬಂದರೆ ನಾನು ಕಾಲೇಜಿನ ಹುಡುಗಿಯರನ್ನು ಕಟ್ಟಿಕೊಂಡು ದಾಂಡೇಲಿಯ ಕಾಡು ಸುತ್ತುತ್ತಿದ್ದ ಕಾಲದಲ್ಲಿ ಹೊಲಿಸಿಕೊಂಡದ್ದು. ಈಗಲೂ ಅದರ ಕಂಕುಳ ಹತ್ತಿರ ಒಂದು ಚಮಚ ನೀರು ಹಾಕಿದರೆ ನೀರು ಬಟ್ಟೆಗೆ ಇಳಿಯದೆ ಮಣಿಗಳಾಗಿ ಉರುಳಿ ಬೀಳುತ್ತದೆ. ಭುಜದ ಮೇಲೆ ಮಾತ್ರ ಉರುಳುವುದಿಲ್ಲ. ಚೀಲದ ಪಟ್ಟಿ ಉಜ್ಜಿ ಉಜ್ಜಿ ಅಲ್ಲಿನ ಲೇಪ ಸವೆದುಹೋಗಿದೆ.

ಸವೆದುಹೋಗಿದೆ ಎಂದೆ. ಎಷ್ಟು ಸಲೀಸಾಗಿ ಬಾಯಿಗೆ ಬಂದುಬಿಡುತ್ತದೆ ಈ ಮಾತು! ಚಪ್ಪಲಿ ಸವೆಯಿತು, ಸಾಬೂನು ಸವೆಯಿತು, ಮೊಣಕಾಲಿನ ಕೀಲು ಸವೆಯಿತು ಎನ್ನುತ್ತೇವೆ. ಸವೆದದ್ದು ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕೆಲಸದ ಆಯುಷ್ಯವೆಲ್ಲ ಅದನ್ನೇ ಕಲಿಸಿ, ಈಗ ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲಿ ನಿವೃತ್ತಳಾಗಿ ಕುಳಿತಿರುವ ನಾನಾದರೂ ಕೇಳಬೇಕಿತ್ತು. ವಸ್ತು ನಾಶವಾಗುವುದಿಲ್ಲ ಎಂದು ಪ್ರತಿ ಜೂನ್ ತಿಂಗಳು ಹೊಸ ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸಿದವಳು ನಾನೇ. ಅದು ಪರೀಕ್ಷೆಗೆ ಸಂಬಂಧಿಸಿದ ಮಾತು, ಜಾಕೀಟಿಗೆ ಸಂಬಂಧಿಸಿದ್ದಲ್ಲ ಎಂದು ಎಲ್ಲೋ ನಂಬಿದ್ದೆ ಅಂತ ಕಾಣುತ್ತದೆ.

ಯಾಕೆ ಕೇಳಲಿಲ್ಲ ಎಂದರೆ ನೆನಪು ತಕ್ಷಣ ಹತ್ತು ಕಾರಣ ತಂದುಕೊಡುತ್ತದೆ. ನನ್ನ ನೆನಪು ಕರೆಯದಿದ್ದರೂ ಬಂದು ನನ್ನ ಪರ ವಾದಿಸುವ ವಕೀಲ. ಆ ವಕೀಲನ ಮೇಲೆ ನಂಬಿಕೆ ಇಲ್ಲದ್ದಕ್ಕೇ ಕಾಲೇಜಿನ ದಿನಗಳಿಂದ ಡೈರಿ ಇಟ್ಟಿದ್ದೇನೆ. ಮುಂದೆ ಎಂದಾದರೂ ನನ್ನ ವಿರುದ್ಧವೇ ಸಾಕ್ಷಿ ಬೇಕಾದರೆ ಇರಲಿ ಎಂದು. ಹೀಗೆ ಹೇಳಿಕೊಂಡರೆ ಬಹಳ ಗಂಭೀರವಾಗಿ ಕೇಳಿಸುತ್ತದೆ. ನಿಜ ನೋಡಿದರೆ ನನ್ನ ಡೈರಿಗಳ ತುಂಬ ಇರುವುದು ಮಳೆ ಬಂತೋ ಇಲ್ಲವೋ, ಮೊಣಕಾಲು ಹೇಗಿತ್ತು, ಸಂಜೆಗೆ ಏನು ತಿಂದೆ ಎಂಬ ವಿವರ.

ಜಾಕೀಟು ಹೊಲಿದವರು ಗದಿಗೆಪ್ಪ ಮಾಸ್ತರರು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಅವರ ಟೇಲರ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮೊದಲು ಸ್ಕೂಟರಿನ ಸೀಟು ಕವರು, ತಾಡಪತ್ರಿ ಹೊಲಿಯುತ್ತಿದ್ದರು. ಆಮೇಲೆ ರೇನ್‌ಕೋಟು. ಅದಾದ ಮೇಲೆ ಗೋಕುಲ ರಸ್ತೆಯ ಒಂದು ಕಾರ್ಖಾನೆಯವರು ಗುಡ್ಡ ಹತ್ತುವವರು ತೊಡುವ ಜಾಕೀಟುಗಳ ಕೆಲಸ ಕೊಡತೊಡಗಿದರು. ಬಟ್ಟೆ, ಜಿಪ್ಪು, ದಾರ ಎಲ್ಲ ಅಲ್ಲಿಂದಲೇ ಬರುತ್ತಿದ್ದವು. ಜೊತೆಗೆ ಬಿಳಿ ಡಬ್ಬಿಗಳಲ್ಲಿ ಒಂದು ದ್ರವವೂ ಬರುತ್ತಿತ್ತು. ಹೊಲಿದು ಮುಗಿದ ಜಾಕೀಟಿನ ಮೇಲೆ ಅದನ್ನು ಸಿಂಪಡಿಸಿ ಇಸ್ತ್ರಿ ಎಳೆದರೆ ಬಟ್ಟೆಗೆ ನೀರು ಹತ್ತುತ್ತಿರಲಿಲ್ಲ. ಮಾಸ್ತರರು ಅದನ್ನು ‘ಔಷಧ’ ಎನ್ನುತ್ತಿದ್ದರು. ಗಾಳಿಗೆ ಹಾರಿ ಔಷಧ ದಂಡವಾಗಬಾರದೆಂದು ಅಂಗಡಿಯ ಶಟರು ಅರ್ಧ ಇಳಿಸಿ, ಫ್ಯಾನು ಬಂದ್ ಮಾಡಿ, ಒಳಗೆ ಕುಳಿತು ಹೊಡೆಯುತ್ತಿದ್ದರು. ಒಳ್ಳೆಯ ಕೆಲಸಗಾರರು. ಏನನ್ನೂ ಹಾಳು ಮಾಡುವವರಲ್ಲ.

ಉಳಿದ ಬಟ್ಟೆಯಲ್ಲಿ ತಮ್ಮ ಗಿರಾಕಿಗಳಿಗೂ ಜಾಕೀಟು ಹೊಲಿದು ಮಾರುತ್ತಿದ್ದರು. ಅದಕ್ಕೆ ಅವರದೊಂದು ಪದ್ಧತಿ ಇತ್ತು. ಗಿರಾಕಿ ಬಂದು ಜಾಕೀಟು ಎತ್ತಿ ನೋಡಿ, “ಮಳ್ಯಾಗ ಸೋರೂದಿಲ್ಲ ಹೌದಲ್ರಿ?” ಎಂದು ಕೇಳಿದರೆ ಮಾಸ್ತರರು ಬಾಯಿಂದ ಉತ್ತರ ಕೊಡುತ್ತಿರಲಿಲ್ಲ. ಜಾಕೀಟಿನ ಟೊಪ್ಪಿಗೆಯನ್ನು ಎರಡೂ ಅಂಗೈಯಲ್ಲಿ ಬೋಗುಣಿಯ ಹಾಗೆ ಹಿಡಿಯುವುದು. ತಂಬಿಗೆಯಿಂದ ಅದಕ್ಕೆ ನೀರು ಸುರಿಯಲು ಗಿರಾಕಿಗೇ ಹೇಳುವುದು. ಕೆಳಗೆ ಒಂದು ಹನಿ ಬೀಳಲಿಲ್ಲವೆಂದು ತೋರಿಸುವುದು. ಕೊನೆಗೆ ಟೊಪ್ಪಿಗೆಯನ್ನು ತುಟಿಗೆ ಎತ್ತಿ ಆ ನೀರನ್ನು ಗಟಗಟ ಕುಡಿದುಬಿಡುವುದು. ಮೀಸೆ ಒರೆಸಿಕೊಂಡು, “ಹೋದ ನೀರು ನನ್ನ ಹೊಟ್ಟಿಗಷ್ಟ ಹೋತ್ರಿ. ಬಟ್ಟಿಗೆ ಒಂದ ಹನಿ ಇಲ್ಲ” ಎನ್ನುವರು. ಮಿರಗ, ಅಂದರೆ ಮೃಗಶಿರಾ ಮಳೆ ಕೂಡುವ ಮುಂಚಿನ ವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಳಗಿನಿಂದ ಅವರ ಹೆಂಡತಿ ಶಾಂತವ್ವ, “ಈ ವಾರ ಇವರಿಗೆ ನೀರಡಿಕಿನ ಆಗಂಗಿಲ್ಲ ನೋಡ್ರಿ, ಮನ್ಯಾಗಿನ ಕೊಡ ಇಳಿಯೂದಿಲ್ಲ” ಎಂದು ಚುಚ್ಚುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ಜಾಕೀಟು ಮಾರಾಟವಾಗುತ್ತಿತ್ತು.

ಮಳೆಯಿಂದ ಮೈ ಕಾಪಾಡಿಕೊಳ್ಳಲು ಮನುಷ್ಯ ಏನೆಲ್ಲ ಮಾಡಿದ್ದಾನೆ ಎಂದು ಒಮ್ಮೆ ಯೋಚಿಸುತ್ತ ಕುಳಿತಿದ್ದೆ. ನನ್ನ ಅಜ್ಜ ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತಳ್ಳಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಿದ್ದ. ಕಂಬಳಿ ಹೊದ್ದವರು ಅರ್ಧ ನೆನೆದು, ಅರ್ಧ ಬೆಚ್ಚಗೆ, ಕುರಿಯ ವಾಸನೆಯಲ್ಲಿ ಮನೆ ಮುಟ್ಟುತ್ತಿದ್ದರು. ಮೇಣ ತೀಡಿದ ಬಟ್ಟೆ ಇತ್ತು. ಬಿಸಿಲಿಗೆ ಅಂಟುತ್ತಿತ್ತು, ಚಳಿಗೆ ಬಿರಿಯುತ್ತಿತ್ತು. ಇವೆಲ್ಲ ಸ್ವಲ್ಪ ಹೊತ್ತು ತಡೆದು ಆಮೇಲೆ ಸೋಲುವ ವಸ್ತುಗಳು. ನಮಗೆ ಸೋಲದ ವಸ್ತು ಬೇಕಾಯಿತು. ನೀರೂ ಹತ್ತಬಾರದು, ಎಣ್ಣೆಯೂ ಹತ್ತಬಾರದು, ಕೆಸರೂ ಹತ್ತಬಾರದು. ತಾವರೆ ಎಲೆಯನ್ನು ವೈರಾಗ್ಯಕ್ಕೆ ಹೋಲಿಸಿ ಹೊಗಳಿಕೊಂಡು ಬಂದ ನಾಡು ನಮ್ಮದು. ಕೊನೆಗೆ ಅದನ್ನು ಡಬ್ಬಿಯಲ್ಲಿ ತುಂಬಿ ಮಾರುವವರು ಬಂದಾಗ ಬೇಡ ಎನ್ನುವುದು ಹೇಗೆ?

ಡಬ್ಬಿಯಲ್ಲಿದ್ದ ಆ ವೈರಾಗ್ಯದ ಹೆಸರು ಫ್ಲೋರಿನ್. ಇಂಗಾಲವೂ ಫ್ಲೋರಿನ್ನೂ ಒಮ್ಮೆ ಕೈ ಹಿಡಿದರೆ ಬಿಡಿಸುವುದು ಬಹಳ ಕಷ್ಟ. ತರಗತಿಯಲ್ಲಿ ಇದನ್ನು ನಾನು ‘ಸೋಡಚೀಟಿ ಇಲ್ಲದ ಮದುವೆ’ ಎಂದು ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ಮಾತು, ಅದೇ ನಗು.

ನನ್ನ ನೀಲಿ ಜಾಕೀಟು ತೆಗೆದುಕೊಳ್ಳಲು ಹೋದ ದಿನ ಮಾಸ್ತರರು ನನ್ನೆದುರಿಗೂ ಟೊಪ್ಪಿಗೆಯಲ್ಲಿ ನೀರು ಹಿಡಿದರು. ಕುಡಿಯುವ ಮೊದಲು, ಯಾಕೋ ಆ ದಿನ, ತಡೆದು ಕೇಳಿದರು: “ಅಕ್ಕೋರ, ನೀವು ಇದನ್ನ ಕಲಿಸವ್ರು. ಈ ನೀರು ಕುಡದ್ರ ಏನರೆ ಆಗತೈತೇನ್ರಿ? ನಮ್ಮಾಕಿ ದಿನಾ ವಟವಟ ಅಂತಾಳ.”

ನಾನೇನು ಹೇಳಿದೆ? ನನ್ನ ನೆನಪಿನಲ್ಲಿ ಆ ಚಿತ್ರ ಬಹಳ ಸ್ಪಷ್ಟವಾಗಿತ್ತು. “ಯಾಕ ಬೇಕ್ರಿ ಮಾಸ್ತರ, ಸುಮ್ನ ಕುಡೀಬ್ಯಾಡ್ರಿ” ಎಂದು ನಾನು ಹೇಳುತ್ತೇನೆ. ಅವರು ಕೇಳದೆ ಕುಡಿಯುತ್ತಾರೆ. ನಾನು ತಲೆ ಅಲ್ಲಾಡಿಸುತ್ತೇನೆ. ತಲೆ ಅಲ್ಲಾಡಿಸಿದ ನನ್ನನ್ನು ನಾನೇ ಎದುರಿನಿಂದ ನೋಡಿದ ಹಾಗೆ ನೆನಪಿತ್ತು. ಅಲ್ಲೇ ಅನುಮಾನ ಬರಬೇಕಿತ್ತು. ನಮ್ಮ ಮುಖ ನಮಗೇ ಕಾಣುವ ನೆನಪುಗಳನ್ನು ಸಾಮಾನ್ಯವಾಗಿ ಬೇರೆ ಯಾರೋ ಹೊಲಿದಿರುತ್ತಾರೆ.

ಹೋದ ವರ್ಷ ಮಾಸ್ತರರ ಒಂದು ಕಿಡ್ನಿ ತೆಗೆದರು. ಅದರಲ್ಲಿ ಕೆಟ್ಟ ಗಂಟು ಬೆಳೆದಿತ್ತು. ನೋಡಲು ಹೋದಾಗ ಶಾಂತವ್ವ ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತು ಮೂಸಂಬಿ ಸುಲಿಯುತ್ತಿದ್ದಳು. ಬೀಡಿ ಸೇದುತ್ತೀರಾ, ಗುಟ್ಕಾ ತಿನ್ನುತ್ತೀರಾ ಎಂದು ಡಾಕ್ಟರು ಕೇಳಿದ್ದರಂತೆ. ಇಲ್ಲ. ಕೆಲಸ? ಟೇಲರ್. ಅವರು ಟೇಲರ್ ಎಂದು ಬರೆದುಕೊಂಡರು. ಟೇಲರ್ ಎಂದರೆ ಕತ್ತರಿ, ಸೂಜಿ, ದಾರ. ಅದರಲ್ಲಿ ಕೇಳುವುದಕ್ಕೆ ಇನ್ನೇನಿದೆ? ನಾನೂ ಅಲ್ಲೇ ನಿಂತಿದ್ದೆ. ಅರ್ಧ ಇಳಿಸಿದ ಶಟರು ಆಗ ನನಗೂ ನೆನಪಾಗಲಿಲ್ಲ. ಮೂಸಂಬಿ ಸಿಹಿಯಾಗಿದೆ ಎಂದೆ.

ಈ ಸಲ ಬೇಸಿಗೆಯಲ್ಲಿ ಮಾಸ್ತರರು ನಮ್ಮ ಮನೆಗೆ ಬಂದರು. ಮೈಯಲ್ಲಿ ಅಂಗಿ ಜೋತು ಬಿದ್ದಿತ್ತು. ತಮ್ಮ ಅಂಗಿಯನ್ನು ಅವರು ಬಿಗಿ ಮಾಡಿಕೊಂಡಿರಲಿಲ್ಲ. ಕೈಯಲ್ಲಿ ಒಂದು ಕಾಗದ. ಕಾರ್ಖಾನೆಯಿಂದ ಜಾಕೀಟು ಕೊಳ್ಳುವ ಹೊರದೇಶದವರು ಬರೆದ ಪತ್ರದ ನಕಲು.

“ಕಾರ್ಖಾನಿ ಸಾವಕಾರ್ರು, ಔಷಧ ಬದಲಾಗೈತಿ, ಹಳೇದನ್ನ ಮುಟ್ಟಬ್ಯಾಡ ಅಂದ್ರು. ಯಾಕಂತ ಕೇಳಿದ್ರ ಇದನ್ನ ಕೊಟ್ರು. ಓದಿ ಹೇಳ್ರಿ ಅಕ್ಕೋರ. ಹೊಸಾದು ಛಲೋ ಇಲ್ರಿ ಅದು. ನೀರ ತಡೀತೈತಿ, ಎಣ್ಣಿ ತಡ್ಯಂಗಿಲ್ಲ. ಒಬ್ಬಾವ ತೊಟ್ಟು ನೋಡಿದಾವ ಮಿರ್ಚಿ ಬಜಿ ತಿಂದು ತೋಳಿಗೆ ಒರಸ್ಕೊಂಡ, ಕಲೆ ಹಂಗ ಕುಂತತು. ಹಳೇ ಔಷಧ ಅರ್ಧಾ ಡಬ್ಬಿ ಐತಿ ನನ್ನ ಕಡೆ. ಮಿರಗದ ಗಿರಾಕಿಗೆ ಅದನ್ನ ಹೊಡದ್ರಾತು ಅಂತೇನಿ.”

ಹುಬ್ಬಳ್ಳಿಯಲ್ಲಿ ಜಾಕೀಟಿಗೆ ನಿಜವಾದ ಪರೀಕ್ಷೆ ಮಳೆಯದಲ್ಲ, ಮಿರ್ಚಿಯದು ಎಂದು ನಗುತ್ತಲೇ ಕಾಗದ ಬಿಡಿಸಿದೆ. ಓದುತ್ತ ಓದುತ್ತ ನಗು ಹೋಯಿತು. ಮುಂದಿನ ಹಂಗಾಮಿನಿಂದ ಫ್ಲೋರಿನ್ ಸೇರಿದ ಯಾವ ಲೇಪವೂ ಬೇಡ. ಬಟ್ಟೆಯಲ್ಲಷ್ಟೇ ಅಲ್ಲ, ದಾರದಲ್ಲಿ, ಜಿಪ್ಪಿನ ಪಟ್ಟಿಯಲ್ಲೂ ಬೇಡ. ಹಳೆಯದರ ಸೋಂಕು ತಗಲೀತೆಂದು ಹೊಸದನ್ನು ಅದರ ಹತ್ತಿರವೂ ಇಡಬೇಡಿ. ಈ ರಾಸಾಯನಿಕಗಳು ತೊಳೆದ ನೀರಿನಲ್ಲಿ, ಮಣ್ಣಿನಲ್ಲಿ, ಮನುಷ್ಯರ ರಕ್ತದಲ್ಲಿ ಉಳಿದುಕೊಳ್ಳುತ್ತವೆ; ಕೆಲವಕ್ಕೂ ಕಿಡ್ನಿಯ ಕ್ಯಾನ್ಸರಿನಂಥ ಕಾಯಿಲೆಗಳಿಗೂ ನಂಟು ಕಂಡಿದೆ. ಮಾಸ್ತರರು ನನ್ನ ಬಾಯಿ ನೋಡುತ್ತ ಕುಳಿತಿದ್ದರು. ನಾನು ಕೊನೆಯ ಸಾಲನ್ನು ಕನ್ನಡ ಮಾಡದೆ, “ಎರಡು ದಿನ ಬಿಡ್ರಿ, ಸರಿಯಾಗಿ ಓದಿ ಹೇಳ್ತೇನಿ. ಅಲ್ಲೀತನಕ ಡಬ್ಬಿ ತೆಗೀಬ್ಯಾಡ್ರಿ” ಎಂದು ಕಳಿಸಿಕೊಟ್ಟೆ.

ಆ ಎರಡು ದಿನ ನಾನು ಓದಿದ್ದು ಪತ್ರವನ್ನಲ್ಲ. ಮಂಚದ ಕೆಳಗಿನ ಕಬ್ಬಿಣದ ಟ್ರಂಕು ಎಳೆದು ಜಾಕೀಟು ಹೊಲಿಸಿದ ವರ್ಷದ ಡೈರಿ ಹುಡುಕಿದೆ. ನನ್ನ ವಕೀಲನ ಮಾತಿಗೆ ಒಂದು ಲಿಖಿತ ಆಧಾರ ಸಿಗಲಿ ಎಂಬ ಆಸೆ. ಸಿಕ್ಕಿದ್ದು ಇದು:

‘ಜಾಕೀಟು ಬಂತು. ಚೆನ್ನಾಗಿದೆ. ಆ ಲೇಪ ಯಾವುದರ ಜೊತೆಗೂ ವರ್ತಿಸುವುದಿಲ್ಲ, ಕುಡಿದರೂ ಏನೂ ಆಗುವುದಿಲ್ಲ ಎಂದು ಮಾಸ್ತರರಿಗೆ ವಿವರಿಸಿದೆ. ಬಹಳ ಖುಷಿಪಟ್ಟರು. ಸಂಜೆ ಮಳೆ. ಗಿರ್ಮಿಟ್.’

ಅಕ್ಷರ ನನ್ನದೇ. ‘ವಿವರಿಸಿದೆ’ ಎಂಬ ಪದದ ಕೆಳಗೆ ಒಂದು ಗೆರೆ ಬೇರೆ. ಆ ದಿನ ನನ್ನ ಬಗ್ಗೆ ನನಗೆ ಅಷ್ಟು ಮೆಚ್ಚುಗೆಯಾಗಿರಬೇಕು.

ನಾನು ಸುಳ್ಳು ಹೇಳಿರಲಿಲ್ಲ, ಅದೇ ಇದರ ಕೆಟ್ಟ ಭಾಗ. ಪುಸ್ತಕದಲ್ಲಿ ಇದ್ದುದನ್ನೇ ಹೇಳಿದ್ದೆ. ಯಾವುದರ ತಂಟೆಗೂ ಹೋಗದ ವಸ್ತು ಯಾರಿಗೂ ಕೆಡುಕು ಮಾಡದು ಎಂದು ಒಂದು ಹೆಜ್ಜೆ ಮುಂದೆ ನಾನೇ ಹಾಕಿದ್ದೆ. ಬಿಸಿಲಿಗೆ, ಮಣ್ಣಿನ ಹುಳಕ್ಕೆ ಮುರಿಯಲು ಆಗದ್ದನ್ನು ಮಾಸ್ತರರ ಹೊಟ್ಟೆಯೊಳಗಿನ ಬಡಪಾಯಿ ಅಂಗಗಳು ಹೇಗೆ ಮುರಿದಾವು, ಮುರಿಯದಿದ್ದರೆ ಅದು ಎಲ್ಲಿಗೆ ಹೋದೀತು ಎಂದು ನನಗೆ ಹೊಳೆಯಲಿಲ್ಲ. ಬಟ್ಟೆಗೆ ಗಟ್ಟಿಯಾಗಿ ಕೂತ ಲೇಪ ಬೇರೆ, ಅದರ ಜೊತೆ ಡಬ್ಬಿಯಲ್ಲಿ ಬಂದ ಸಣ್ಣ ಸಣ್ಣ ಅಣುಗಳು ಬೇರೆ ಎಂಬುದೂ ಹೊಳೆಯಲಿಲ್ಲ. ಕುಡಿದ ನಾಲ್ಕು ಗುಟುಕಿಗಿಂತ ಮುಚ್ಚಿದ ಅಂಗಡಿಯಲ್ಲಿ ಉಸಿರಾಡಿದ್ದೇ ಹೆಚ್ಚಿರಬೇಕು. ಆದರೆ ‘ಏನೂ ಆಗುವುದಿಲ್ಲ’ ಎಂದವಳು ಫ್ಯಾನು ಹಚ್ಚಿರಿ, ಮೂಗಿಗೆ ಬಟ್ಟೆ ಕಟ್ಟಿರಿ ಎಂದು ಹೇಳುವುದಾದರೂ ಹೇಗೆ? ಮಾಸ್ತರರ ಕಿಡ್ನಿಯ ಗಂಟಿಗೂ ಆ ಔಷಧಕ್ಕೂ ನಂಟಿತ್ತೇ ಎಂದು ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಬೆರಳಿಟ್ಟು ಹೇಳಲು ಬರುವುದಿಲ್ಲ ಎಂದರು. ಅವರು ಎಷ್ಟು ಸುಲಭವಾಗಿ ಹಾಗೆ ಹೇಳಿದರು! ಹೊಟ್ಟೆಕಿಚ್ಚಾಯಿತು.

ಮೂರನೆಯ ದಿನ ಡೈರಿಯನ್ನು ಚೀಲದಲ್ಲಿ ಇಟ್ಟುಕೊಂಡು ಹಳೇ ಹುಬ್ಬಳ್ಳಿಗೆ ಹೋದೆ. ಮಾಸ್ತರರು ಮಷೀನಿನ ಮುಂದೆ ಇದ್ದರು, ಶಾಂತವ್ವ ನೆಲದ ಮೇಲೆ ಕುಳಿತು ಗುಂಡಿ ಹಚ್ಚುತ್ತಿದ್ದಳು. ಪತ್ರದ ಕೊನೆಯ ಸಾಲನ್ನೂ ಬಿಡದೆ ಹೇಳಿದೆ. ಆಮೇಲೆ ಡೈರಿ ತೆಗೆದು ನನ್ನ ಸಾಲುಗಳನ್ನು ಓದಿದೆ. ಗಿರ್ಮಿಟ್ಟನ್ನು ಮಾತ್ರ ಬಿಟ್ಟೆ.

ಮಾಸ್ತರರು ಕೊರಳಿನ ಟೇಪನ್ನು ತೆಗೆದು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. “ನೀವು ಹಂಗ ಅಂದದ್ದು ನನಗ ನೆನಪಿಲ್ರಿ ಅಕ್ಕೋರ. ನಾ ನಿಮಗಿಂತ ಮೊದಲೂ ಕುಡೀತಿದ್ದೆ. ನೀವ್ಯಾಕ ಮನಸ್ಸಿಗೆ ಹಚ್ಕೋತೀರಿ? ಬಿಡ್ರಿ.”

ಎಂಥ ಸುಖದ ಮಾತು! ನನ್ನ ವಕೀಲ ಆಗಲೇ ಕಡತ ಕಟ್ಟಿ ಎದ್ದು ನಿಂತಿದ್ದ.

“ನನಗ ನೆನಪೈತಿ” ಎಂದಳು ಶಾಂತವ್ವ. ದಾರವನ್ನು ಹಲ್ಲಿನಿಂದ ಕಡಿದಳು. “ಅವತ್ತಿನ ಮಟಾ ನಾ ಬೈತಿದ್ದೆ, ಇವರು ನನ್ನ ಕಣ್ಣ ತಪ್ಪಿಸಿ ಕುಡೀತಿದ್ರು. ಅವತ್ತಿನಿಂದ ಎದರಿಗೇ ಕುಡ್ಯಾಕ ಹತ್ತಿದ್ರು. ಏನರೆ ಅಂದ್ರ, ‘ಅಕ್ಕೋರ ಹೇಳ್ಯಾರ, ನಿನಗೇನ ತಿಳೀತೈತಿ’ ಅಂತ ನನ್ನ ಬಾಯಿ ಮುಚ್ಚಸ್ತಿದ್ರು. ನಾ ಏನ ಸಾಲಿ ಕಲತೇನೇನ್ರಿ? ಆ ವಾಸನಿ ಬಂದ್ರ ತಲಿ ಹಿಡೀತಿತ್ತು, ಅದಕ್ಕ ಬ್ಯಾಡ ಅಂತಿದ್ದೆ. ಅಷ್ಟ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗುಂಡಿ ಹಚ್ಚುವುದನ್ನೂ ನಿಲ್ಲಿಸಲಿಲ್ಲ. ಈ ಮನೆಯಲ್ಲಿ ಮೂಗಿನ ಮಾತು ಕೇಳುತ್ತಿದ್ದವಳು ಒಬ್ಬಳು ಇದ್ದಳು. ಅವಳ ಮಾತನ್ನು ನನ್ನ ಎಂ.ಎಸ್ಸಿ. ಮುಚ್ಚಿಹಾಕಿತ್ತು. ನನಗೆ ಈ ವಿಷಯ ನೆನಪಿನಲ್ಲೂ ಇರಲಿಲ್ಲ, ಡೈರಿಯಲ್ಲೂ ಇರಲಿಲ್ಲ. ಆಕೆಯನ್ನು ಯಾರೂ ಬರೆದಿಟ್ಟಿರಲಿಲ್ಲ.

“ತಪ್ಪಾತ್ರಿ ಶಾಂತವ್ವಾ” ಎಂದೆ. ಅವಳು ಹೂಂ ಅಂದಳು.

ಆಮೇಲೆ ಅರ್ಧ ಡಬ್ಬಿಯ ಪ್ರಶ್ನೆ ಬಂತು. ಮಾಸ್ತರರು ಅದನ್ನು ಹೊರಗೆ ತಂದು ನಡುವೆ ಇಟ್ಟರು. ಮೂವರೂ ಅದರ ಸುತ್ತ ಕುಳಿತೆವು.

“ಇದನ್ನ ಹೊಡ್ಯಂಗಿಲ್ಲ, ಖರೆ. ಗಟಾರಕ್ಕ ಸುರವೂಣು?” ಎಂದರು ಮಾಸ್ತರರು.

“ಬ್ಯಾಡ್ರಿ. ನಾಲಾಕ್ಕ ಹೋಗ್ತದ, ಅಲ್ಲಿಂದ ಹೊಲಕ್ಕ” ಎಂದೆ.

“ಸುಡೂಣು?”

“ಒಲಿ ಬೆಂಕಿಗೆ ಅದು ಸಾಯೂದಿಲ್ರಿ. ಹೊಗಿ ಇನ್ನೂ ಕೆಟ್ಟದ್ದು.”

“ಹುಗಿಯೂಣು?”

“ಮಣ್ಣಾಗೂ ಹಂಗ ಇರ್ತದ.”

“ಹಂಗಾರ ದೇವರ ಜಗಲಿ ಮ್ಯಾಲ ಇಟ್ಟು ಪೂಜಾ ಮಾಡೂಣೇನ್ರಿ? ಸಾವಿಲ್ಲ, ಸುಡಂಗಿಲ್ಲ, ಕರಗಂಗಿಲ್ಲ. ದೇವರದ ಲಕ್ಷಣ ಎಲ್ಲಾ ಐತಲ್ರಿ ಇದಕ್ಕ.”

ಕಡೆಗೆ, ಕಾರ್ಖಾನೆಯವರು ತಮ್ಮ ಹಳೆಯ ಡಬ್ಬಿಗಳ ಜೊತೆ ಇದನ್ನೂ ವಿಲೇವಾರಿಗೆ ಕಳಿಸುವುದಾಗಿ ಒಪ್ಪಿದರು. ಗಾಡಿ ಬರುವ ತನಕ ಡಬ್ಬಿಗೆ ಬಿಗಿಯಾಗಿ ಮುಚ್ಚಳ ಹಾಕಿ, ‘ಮುಟ್ಟಬಾರದು’ ಎಂದು ನಾನೇ ಚೀಟಿ ಬರೆದು ಅಂಟಿಸಿ ಅಟ್ಟದ ಮೇಲೆ ಇಡಿಸಿದೆ. ಇಷ್ಟು ವರ್ಷ ಈ ಓಣಿಯ ಗಟಾರಕ್ಕೆ ಹೋದ ತೊಳೆದ ನೀರಿಗೆ, ದಾಂಡೇಲಿಯ ಕಾಡಿನಲ್ಲಿ ನನ್ನ ಭುಜದಿಂದ ಸವೆದು ಉದುರಿದ್ದಕ್ಕೆ ಯಾವ ಚೀಟಿ ಅಂಟಿಸುವುದು?

ಮಿರಗಕ್ಕೆ ಇನ್ನು ನಾಲ್ಕು ದಿನ ಇದ್ದಾಗ ಮತ್ತೆ ಹೋದೆ. ಹೊಸ ಔಷಧ ಹೊಡೆದ ಜಾಕೀಟುಗಳು ತೂಗುತ್ತಿದ್ದವು. ಅದರಲ್ಲಿ ಫ್ಲೋರಿನ್ ಇಲ್ಲ, ಮೇಣದಂಥದೇನೋ ಇದೆಯಂತೆ. ಅಂಗಡಿಯ ಶಟರು ಪೂರ್ತಿ ಮೇಲಿತ್ತು, ಫ್ಯಾನು ತಿರುಗುತ್ತಿತ್ತು. ಎಣ್ಣೆ ಕಲೆಯ ವಿಷಯಕ್ಕೆ ಮಾಸ್ತರರೇ ಒಂದು ಉಪಾಯ ಕಂಡುಕೊಂಡಿದ್ದರು: ಗಿರಾಕಿಗೆ ಮೊದಲೇ, “ಇದನ್ನ ತೊಟ್ಟು ಮಿರ್ಚಿ ತಿನ್ನಬ್ಯಾಡ್ರಿ, ತಿಂದ್ರ ಅಂಗಿಗೆ ಒರಸ್ಕೋರಿ” ಎಂದು ಹೇಳಿಬಿಡುವುದು.

ನಾನಿದ್ದಾಗಲೇ ಒಬ್ಬ ಗಿರಾಕಿ ಬಂದ. ಹಳೆಯ ಪರಿಚಯದವನು. “ಮಾಸ್ತರ, ನಿಮ್ಮ ಆಟ ತೋರಸ್ರಿ” ಎಂದ. ಮಾಸ್ತರರು ಟೊಪ್ಪಿಗೆ ಹಿಡಿದರು, ಅವನು ತಂಬಿಗೆಯಿಂದ ಸುರಿದ. ನೀರು ನಿಂತಿತು. ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಕೈಗಳು ರೂಢಿಯಂತೆ ತುಟಿಯ ಕಡೆ ಏಳತೊಡಗಿ ಅರ್ಧದಲ್ಲಿ ನಿಂತವು. ಒಳಬಾಗಿಲಲ್ಲಿ ಶಾಂತವ್ವ ಬಂದು ನಿಂತಿದ್ದಳು. ಮಾಸ್ತರರು ನನ್ನ ಕಡೆ ತಿರುಗಿದರು.

“ಅಕ್ಕೋರ, ಇದು ಹೊಸಾದು. ಇದನ್ನ ಕುಡದ್ರ ಏನರೆ ಆಗತೈತೇನ್ರಿ?”

ಮೇಣದ ಬಗ್ಗೆ ನನಗೆ ಗೊತ್ತಿದ್ದ ನಾಲ್ಕು ಸಾಲು ಗಂಟಲಿಗೆ ಬಂದವು. ಅವನ್ನು ನುಂಗಿದೆ.

“ನನಗ ಗೊತ್ತಿಲ್ರಿ ಮಾಸ್ತರ.”

ಮಾಸ್ತರರು ನಕ್ಕರು. “ಇಷ್ಟ ಹೇಳಾಕ ಎಮ್ಮೆಸ್ಸಿ ಬೇಕಿತ್ತೇನ್ರಿ?” ಎಂದರು. ಶಾಂತವ್ವ ಒಂದು ಬಕೀಟು ತಂದು ಅವರ ಕೈ ಕೆಳಗೆ ಹಿಡಿದಳು. ಅವರು ಟೊಪ್ಪಿಗೆಯನ್ನು ಅದರೊಳಗೆ ಬಗ್ಗಿಸಿದರು. ಗಿರಾಕಿಗೆ ಏನಾಯಿತೆಂದು ತಿಳಿಯಲಿಲ್ಲ. “ಸೋರೂದಿಲ್ಲ ಅಂತಾತಲ್ಲ, ಕಟ್ಟಿಕೊಡ್ರಿ” ಎಂದ.

ಆ ದಿನ ಮನೆಗೆ ಬಂದು ಇದನ್ನೆಲ್ಲ ಡೈರಿಗೆ ಇಳಿಸಿದೆ. ಈ ಸಲ ಯಾವ ಪದದ ಕೆಳಗೂ ಗೆರೆ ಎಳೆಯಲಿಲ್ಲ. ಆದರೂ ನನ್ನ ಬರಹದ ಮೇಲೆ ನಂಬಿಕೆ ಸಾಲದೆ, ಮಿರಗ ಕೂಡಿದ ಮೇಲೆ ಒಂದು ಮಳೆಯ ಮಧ್ಯಾಹ್ನ ಅಂಗಡಿಗೆ ಹೋಗಿ ಗಂಡ ಹೆಂಡತಿ ಇಬ್ಬರಿಗೂ ಓದಿ ಹೇಳಿದೆ. ಮಾಸ್ತರರು ಕಣ್ಣು ಮುಚ್ಚಿ, ಅಳತೆ ಸರಿ ಇದೆಯೇ ಎಂದು ನೋಡುವವರ ಹಾಗೆ ಕೇಳಿದರು.

“ಎಲ್ಲಾ ಬರೋಬ್ಬರಿ ಐತ್ರಿ” ಎಂದರು. “ಒಂದ ಮಾತು ತಪ್ಪೈತಿ.”

“ಯಾವುದ್ರಿ?”

“ನಾ ಅವತ್ತ ನಕ್ಕಿದ್ದಿಲ್ರಿ.”

ನಾನು ಶಾಂತವ್ವನ ಮುಖ ನೋಡಿದೆ. “ಇಲ್ರಿ ಅಕ್ಕೋರ” ಎಂದಳು ಆಕೆ, “ನಕ್ಕಿದ್ದಿಲ್ಲ.”

ಮೇಲೆ, ನಿಮಗೆ ಹೇಳಿದ ಈ ಕಥೆಯಲ್ಲಿ, ‘ನಕ್ಕರು’ ಎಂಬುದನ್ನು ಹಾಗೇ ಉಳಿಸಿದ್ದೇನೆ. ನನ್ನ ಕಣ್ಣು ಹೇಗೆ ನೋಡುತ್ತದೆಂದು ನಿಮಗೂ ಗೊತ್ತಿರಲಿ. ಡೈರಿಯಲ್ಲಿ ಮಾತ್ರ ‘ನಕ್ಕರು’ ಎಂಬುದರ ಮೇಲೆ ಅಲ್ಲೇ ಗೆರೆ ಹೊಡೆದೆ. ಅದರ ಜಾಗದಲ್ಲಿ ಬೇರೆ ಏನಾದರೂ ಬರೆಯೋಣವೆಂದು ಪೆನ್ನು ಹಿಡಿದೆ. ಆದರೆ ಅವತ್ತು ಅವರ ಮುಖ ಹೇಗಿತ್ತು ಎಂದು ನಾನು ನೋಡಿಯೇ ಇರಲಿಲ್ಲ.